ತುದಿಗಾಲಲ್ಲಿ ಹೆಣ ಹೊತ್ತವನು

ಫ್ಲಾರೆನ್ಸಿನಲ್ಲಿ ನಾಲ್ಕು ದಿನ ಇದ್ದೆ. ಬರೆಯಲೇಬೇಕು ಅನ್ನಿಸಿದ್ದು ಅದರಲ್ಲಿ ಒಂದೇ ಒಂದು ಮಧ್ಯಾಹ್ನದ ಬಗ್ಗೆ.

ಪೊಂತೆ ವೆಕ್ಕಿಯೊ ಸೇತುವೆಯ ಎರಡೂ ಬದಿ ಚಿನ್ನದಂಗಡಿಗಳು. ಜನವೋ ಜನ. ಸೇತುವೆ ದಾಟಿ ಸ್ವಲ್ಪ ದೂರ ನಡೆದರೆ ಎಡಗಡೆ ಒಂದು ಪುಟ್ಟ ಚೌಕ. ಅಲ್ಲಿ ಸಾಂತಾ ಫೆಲಿಚಿತಾ ಚರ್ಚು. ಚಿತ್ರಕಾರ, ವಾಸ್ತುಶಿಲ್ಪಿ, ಕಲಾವಿದರ ಚರಿತ್ರೆ ಬರೆದವನೂ ಆದ ವಸಾರಿ 1565ರಲ್ಲಿ ಕಟ್ಟಿದ ಎತ್ತರದ ಓಣಿ ಅದರ ಮುಂಭಾಗದಲ್ಲೇ ಹಾದುಹೋಗುತ್ತದೆ. ಮೆಡಿಚಿ ದೊರೆಗಳು ಬೀದಿಗೆ ಕಾಲಿಡದೆ ಓಡಾಡಲು ಮಾಡಿಸಿಕೊಂಡದ್ದು. ಅದನ್ನು ಫೋಟೊ ತೆಗೆದುಕೊಂಡು ಎಲ್ಲರೂ ಪಿಟ್ಟಿ ಅರಮನೆಯ ಕಡೆ ನಡೆದುಬಿಡುತ್ತಾರೆ.

ನಾನು ಮೊದಲ ಸಲ ಹೋದಾಗ ಬಾಗಿಲು ಹಾಕಿತ್ತು. ಇಲ್ಲಿನ ಎಷ್ಟೋ ಚರ್ಚುಗಳು ಊಟದ ಹೊತ್ತಿಗೆ ಮುಚ್ಚುತ್ತವೆ. ನೀವು ಹೋಗುವುದಾದರೆ ಹಿಂದಿನ ದಿನವೇ ಸಮಯ ವಿಚಾರಿಸಿಕೊಳ್ಳಿ. ಜೇಬಿನಲ್ಲಿ ಚಿಲ್ಲರೆ ನಾಣ್ಯ ಇರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸಂಜೆ ಮೂರೂವರೆಗೆ ಮತ್ತೆ ಹೋದೆ. ಬಾಗಿಲು ದಾಟಿದ ಕೂಡಲೇ ಬಲಗಡೆ, ಕಬ್ಬಿಣದ ಸರಳುಗಳ ಹಿಂದೆ ಕಪ್ಪೋನಿ ಮನೆತನದ ಗುಡಿ. ಒಳಗೆ ಕತ್ತಲು. ಪಕ್ಕದಲ್ಲೊಂದು ಪೆಟ್ಟಿಗೆ. ನಾಣ್ಯ ಹಾಕಿದರೆ ಲೈಟು ಹತ್ತುತ್ತದೆ. ನನ್ನ ಹತ್ತಿರ ಇದ್ದದ್ದು ಇಪ್ಪತ್ತು ಯೂರೋದ ನೋಟು ಮಾತ್ರ. ಸರಳು ಹಿಡಿದು ಕತ್ತಲಲ್ಲೇ ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಬೆಂಚಿನಲ್ಲಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಎದ್ದು ಬಂದರು. ಪರ್ಸಿನಿಂದ ಒಂದು ನಾಣ್ಯ ತೆಗೆದು ಹಾಕಿದರು.

ಲೈಟು ಹತ್ತಿತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಏಸುವನ್ನು ಶಿಲುಬೆಯಿಂದ ಇಳಿಸಿ ಹೊತ್ತೊಯ್ಯುವ ಚಿತ್ರ ಅದು. ಪೊಂಟೊರ್ಮೊ ಎಂಬ ಚಿತ್ರಕಾರ 1525ರಿಂದ 1528ರವರೆಗೆ ಇಲ್ಲಿ ಕೆಲಸ ಮಾಡಿದ. ಮೂರು ವರ್ಷವೂ ಗುಡಿಗೆ ಹಲಗೆ ಹೊಡೆಸಿ ಮುಚ್ಚಿದ್ದನಂತೆ. ದುಡ್ಡು ಕೊಟ್ಟ ಯಜಮಾನನಿಗೂ ತೋರಿಸಲಿಲ್ಲ ಎಂದು ವಸಾರಿ ಬರೆದಿದ್ದಾನೆ. ಮೂರು ಮೀಟರಿಗೂ ಎತ್ತರದ ಹಲಗೆಯ ತುಂಬ ಮನುಷ್ಯರು, ಒಬ್ಬರ ಮೇಲೊಬ್ಬರು. ಗುಲಾಬಿ, ತಿಳಿನೀಲಿ, ಕಿತ್ತಳೆ, ಎಳೆ ಹಸಿರು. ಬಟ್ಟೆ ಉಟ್ಟ ಹಾಗಿಲ್ಲ, ಚರ್ಮಕ್ಕೇ ಬಣ್ಣ ಹಚ್ಚಿದ ಹಾಗಿದೆ. ನೆರಳು ಇಲ್ಲವೇ ಇಲ್ಲ ಅನ್ನಬಹುದು. ಸಾವಿನ ಚಿತ್ರಕ್ಕೆ ಇಂಥ ಬಣ್ಣವನ್ನು ನಾನು ಎಲ್ಲೂ ನೋಡಿರಲಿಲ್ಲ.

"ಶಿಲುಬೆ ಎಲ್ಲಿದೆ ಹೇಳಿ," ಅಂದರು ಆ ಅಮ್ಮ, ನಿಧಾನದ ಇಂಗ್ಲಿಷಿನಲ್ಲಿ.

ಹುಡುಕಿದೆ. ಶಿಲುಬೆ ಇಲ್ಲ. ಏಣಿ ಇಲ್ಲ. ಸಮಾಧಿಯೂ ಇಲ್ಲ. ಮೇಲೆ ಎಡಗಡೆ ಒಂದು ಮೋಡ, ಅಷ್ಟೆ.

"ಇವರು ಎಲ್ಲಿ ನಿಂತಿದ್ದಾರೆ?"

ಅದೂ ಗೊತ್ತಾಗಲಿಲ್ಲ. ಕೆಳಗೆ ಒಂದಿಷ್ಟು ನೆಲ ಇದೆ. ಮೇಲಿನವರ ಕಾಲಡಿ ಏನಿದೆಯೋ ಕಾಣುವುದಿಲ್ಲ. ತಾಯಿ ಮೇರಿ ಹಿಂದಕ್ಕೆ ವಾಲುತ್ತಿದ್ದಾಳೆ, ಹಿಡಿಯುವವರ ಕೈ ಮಾತ್ರ ಸುತ್ತ.

ಅಷ್ಟರಲ್ಲಿ ಲೈಟು ಆರಿತು. ಅವರು ಇನ್ನೊಂದು ನಾಣ್ಯ ಹಾಕಿದರು. ನಾನು ಬೇಡ ಬೇಡ ಅಂದರೂ ಕೇಳಲಿಲ್ಲ. ನಲವತ್ತು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಟ್ಟವರಂತೆ. ಹೇಳಿಕೊಡುವ ಅಭ್ಯಾಸ ಹೋಗಿಲ್ಲ ಅಂತ ನಕ್ಕರು.

"ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾನಲ್ಲ, ಆ ಹುಡುಗನ ಪಾದ ನೋಡಿ."

ನೋಡಿದೆ. ಏಸುವಿನ ಕಾಲುಗಳು ಅವನ ಹೆಗಲ ಮೇಲಿವೆ. ಅವನು ನಿಂತಿರುವುದು ಕಾಲ್ಬೆರಳುಗಳ ತುದಿಯಲ್ಲಿ. ಹಿಮ್ಮಡಿ ಮೇಲೆದ್ದಿದೆ. ಮುಖ ನಮ್ಮ ಕಡೆ ತಿರುಗಿದೆ, ಹುಬ್ಬು ಗಂಟಿಕ್ಕಿದೆ, ಬಾಯಿ ಅರೆತೆರೆದಿದೆ.

"ನೀವೂ ಹಾಗೆ ಕೂತು ನೋಡಿ," ಅಂದರು.

ಚರ್ಚಿನಲ್ಲಿ ನಾವಿಬ್ಬರೇ. ಹೆಗಲಿನ ಬ್ಯಾಗು ಸಮೇತ ತುದಿಗಾಲಲ್ಲಿ ಕುಕ್ಕರು ಕೂತೆ. ಹತ್ತು ಎಣಿಸುವುದರೊಳಗೆ ತೊಡೆ ನಡುಗಿತು. ಸರಳು ಹಿಡಿದು ಎದ್ದೆ.

"ಅಲ್ವಾ? ಸತ್ತ ಮನುಷ್ಯನನ್ನು ಹೊತ್ತು ಯಾರೂ ಹಾಗೆ ಕೂರುವುದಕ್ಕಾಗಲ್ಲ. ಪೊಂಟೊರ್ಮೊಗೆ ಅದು ಗೊತ್ತಿರಲಿಲ್ಲ ಅಂದುಕೊಂಡಿರಾ? ಲಿಯೊನಾರ್ಡೊ 1519ರಲ್ಲಿ ತೀರಿಹೋದ. ಮರುವರ್ಷ ರಾಫೆಲ್ ಹೋದ. ದೇಹ ಹೇಗೆ ನಿಲ್ಲುತ್ತೆ, ಭಾರ ಎಲ್ಲಿ ಬೀಳುತ್ತೆ, ಎಲ್ಲ ಅವರು ಬರೆದು ತೋರಿಸಿ ಆಗಿತ್ತು. ಇವನು ಅದನ್ನೆಲ್ಲ ಕಲಿತವನೇ. ಕಲಿತ ಮೇಲೆ ಭಾರವನ್ನು ತೆಗೆದುಹಾಕಿದ."

ಪೊಂಟೊರ್ಮೊನಂಥವರ ಚಿತ್ರಶೈಲಿಗೆ ಮ್ಯಾನರಿಸಂ ಅನ್ನುತ್ತಾರೆ. ಆ ಮಾತು ಇಟಲಿಯ 'ಮನಿಯೆರಾ'ದಿಂದ ಬಂದದ್ದು. ಶೈಲಿ, ಕೈವರಸೆ ಎಂದು ಅರ್ಥ. ಕುತ್ತಿಗೆ ಉದ್ದ ಮಾಡುವುದು, ಸೊಂಟ ತಿರುಚುವುದು, ರಿನೈಸಾನ್ಸಿನ, ಅಂದರೆ ಪುನರುಜ್ಜೀವನ ಕಾಲದ, ದೊಡ್ಡವರು ಹೋದ ಮೇಲೆ ಉಳಿದ ಒನಪು ಅಷ್ಟೇ ಅಂತ ನಾನು ಓದಿಕೊಂಡಿದ್ದೆ. ಹಿಂದಿನ ದಿನ ವೆಕ್ಕಿಯೊ ಅರಮನೆಯ ದೊಡ್ಡ ಸಭಾಂಗಣದಲ್ಲಿ ವಸಾರಿಯ ಯುದ್ಧದ ಚಿತ್ರಗಳನ್ನು ನೋಡಿದಾಗ ಆ ಮಾತು ನಿಜ ಅನ್ನಿಸಿತ್ತು. ಸ್ನಾಯುವಿನ ಮೇಲೆ ಸ್ನಾಯು, ಕುದುರೆಯ ಮೇಲೆ ಕುದುರೆ. ಎದೆಗೆ ಒಂದೂ ತಾಕಲಿಲ್ಲ. ಈಗಲೂ ಅವು ನನಗೆ ಹಿಡಿಸುವುದಿಲ್ಲ. ಆದರೆ ಅದೇ ಹೆಸರಿನಡಿ ಪೊಂಟೊರ್ಮೊನನ್ನೂ ಸೇರಿಸುತ್ತಾರಲ್ಲ!

ಆ ಹುಡುಗನ ಪಾದ ನೋಡುತ್ತಾ ನನಗೆ ನೆನಪಾದದ್ದು ಅಪ್ಪ. ಅವರು ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ದೊಡ್ಡಣ್ಣ ಬೆಂಕಿ ಮಡಕೆ ಹಿಡಿದು ಮುಂದೆ ನಡೆದ. ಚಟ್ಟದ ಮುಂದಿನ ಎರಡು ತುದಿಗೆ ಹೆಗಲು ಕೊಟ್ಟದ್ದು ಚಿಕ್ಕಣ್ಣ ಮತ್ತು ನಾನು. ಅಪ್ಪ ದಪ್ಪ ಮನುಷ್ಯ. ಸ್ಮಶಾನ ಒಂದು ಕಿಲೋಮೀಟರ್ ದೂರ. ಅಷ್ಟು ದೂರ ಹೊತ್ತರೂ ನನ್ನ ಹೆಗಲಿಗೆ ಏನೂ ಗೊತ್ತಾಗಲಿಲ್ಲ. ನೆಲದ ಮೇಲೆ ನಡೆದೆನೋ ಇಲ್ಲವೋ ನೆನಪಿಲ್ಲ. ಅಳು ಬರಲಿಲ್ಲ. ಬಿಸಿಲು ಮಾತ್ರ ತುಂಬಾ ಇತ್ತು, ಅಕ್ಕಂದಿರ ಸೀರೆಯ ಬಣ್ಣಗಳು ಕಣ್ಣಿಗೆ ಹೊಡೆಯುತ್ತಿದ್ದವು. ನನ್ನಲ್ಲಿ ಏನೋ ಕೊರತೆ ಇದೆ ಅಂತ ಇಷ್ಟು ದಿನವೂ ಅಂದುಕೊಂಡಿದ್ದೆ.

ಅದನ್ನು ಆ ಅಮ್ಮನಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಮತ್ತೊಂದು ನಾಣ್ಯ ಹಾಕಿದರು. ಆಮೇಲೆ ಕೇಳಿದರು, "ರೋಮಿಗೆ ಹೋಗ್ತೀರಾ?" ಹೌದು ಅಂದೆ. "ಬೋರ್ಗೀಸ್ ಗ್ಯಾಲರಿಯಲ್ಲಿ ರಾಫೆಲ್‌ನ ಚಿತ್ರ, ವ್ಯಾಟಿಕನ್ನಿನಲ್ಲಿ ಕರವಾಜಿಯೊನ ಚಿತ್ರ. ಇದೇ ಕಥೆ. ಎರಡರಲ್ಲೂ ಪಾದ ನೋಡಿ."

ಮರುದಿನದ ಉಫಿಜಿ ಚಿತ್ರಶಾಲೆ, ಆಮೇಲಿನ ಒಂದೂವರೆ ಗಂಟೆಯ ರೈಲು, ಎಲ್ಲ ಬಿಟ್ಟುಬಿಡುತ್ತೇನೆ.

ಬೋರ್ಗೀಸ್ ಗ್ಯಾಲರಿಗೆ ಮುಂಗಡ ಟಿಕೆಟ್ ಬೇಕೇ ಬೇಕು, ಎರಡು ಗಂಟೆಯ ಸರದಿ. ನಾನು ಮಧ್ಯವರ್ತಿಗಳ ವೆಬ್‌ಸೈಟಿನಲ್ಲಿ ಕೊಂಡೆ. ದುಪ್ಪಟ್ಟು ಹಣ ಹೋಯಿತು, ಮೇಲಾಗಿ ಅವರು ಕಳಿಸಿದ್ದು ನಾನು ಕೇಳಿದ ದಿನದ ಟಿಕೆಟ್ ಅಲ್ಲ. ಒಂದು ದಿನ ಸುಮ್ನೆ ಕಳೆದುಹೋಯಿತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಗ್ಯಾಲರಿಯದೇ ಸ್ವಂತ ತಾಣದಲ್ಲಿ ಕೊಳ್ಳಿ.

ರಾಫೆಲ್ ತನ್ನ ಚಿತ್ರ ಮುಗಿಸಿದ್ದು 1507ರಲ್ಲಿ. ಪೆರುಜಾ ಊರಿನ ಅಟಲಾಂಟಾ ಬಾಲ್ಯೋನಿ ಎಂಬಾಕೆ, ಮನೆತನದ ಜಗಳದಲ್ಲಿ ಕೊಲೆಯಾದ ಮಗನ ನೆನಪಿಗೆ ಬರೆಸಿದ್ದು. ಇಲ್ಲಿ ಎಲ್ಲವೂ ಇದೆ: ದೂರದ ಗುಡ್ಡದಲ್ಲಿ ಮೂರು ಶಿಲುಬೆ, ಮೆಟ್ಟಿಲು, ಹುಲ್ಲು. ಇಬ್ಬರು ಬಟ್ಟೆಯಲ್ಲಿ ದೇಹ ಹೊತ್ತಿದ್ದಾರೆ. ಬಟ್ಟೆ ಬಿಗಿದಿದೆ. ಹೊತ್ತವರು ಹಿಂದಕ್ಕೆ ವಾಲಿದ್ದಾರೆ, ಪಾದ ನೆಲಕ್ಕೆ ಊರಿದೆ. ಎಷ್ಟು ಭಾರ ಎಂದು ಲೆಕ್ಕ ಹಾಕಬಹುದು. ಬಹಳ ಸುಂದರ ಚಿತ್ರ. ನಾನು ಹತ್ತು ನಿಮಿಷ ನಿಂತೆ, ಅಷ್ಟೆ.

ವ್ಯಾಟಿಕನ್ನಿನಲ್ಲಿ ಜನ ಸಿಸ್ಟೈನ್ ಚಾಪೆಲ್ ಕಡೆಗೇ ನುಗ್ಗುತ್ತಾರೆ. ಪಿನಕೊಟೇಕಾ ಎಂಬ ಚಿತ್ರಶಾಲೆಗೆ ಬರುವವರು ಕಡಿಮೆ. ಕರವಾಜಿಯೊ ಇರುವುದು ಅಲ್ಲಿ. 1603–04ರ ಹೊತ್ತಿನದು. ನಡುವೆ ಟ್ರೆಂಟ್ ಊರಿನಲ್ಲಿ ಕ್ಯಾಥೊಲಿಕ್ ಚರ್ಚಿನ ಮಹಾಸಭೆ ನಡೆದು, 1563ರಲ್ಲಿ ಚರ್ಚು ಚಿತ್ರಗಳ ಬಗ್ಗೆ ಅಪ್ಪಣೆ ಹೊರಡಿಸಿತ್ತು. ಜನರಿಗೆ ಕಲಿಸಬೇಕು, ದಾರಿ ತಪ್ಪಿಸುವ ಗೊಂದಲ ಇರಬಾರದು ಎಂದು. ಮ್ಯಾನರಿಸಂ ಆದಮೇಲೆ ಬಂದ ಬರೋಕ್ ಶೈಲಿಯ ಚಿತ್ರ ಬೆಳೆದದ್ದು ಆ ಗಾಳಿಯಲ್ಲಿ. ಪೊಂಟೊರ್ಮೊನ ತೇಲುವ ಮನುಷ್ಯರಿಗೆ ಅಲ್ಲಿ ಜಾಗ ಇರಲಿಲ್ಲ.

ಕರವಾಜಿಯೊನ ಚಿತ್ರದಲ್ಲಿ ಹಿನ್ನೆಲೆ ಕಗ್ಗತ್ತಲು. ಕೆಳಗೆ ದಪ್ಪ ಕಲ್ಲಿನ ಚಪ್ಪಡಿ, ಅದರ ಮೂಲೆ ನಮ್ಮ ಕಡೆ ಚಾಚಿದೆ. ಏಸುವಿನ ಜೋತುಬಿದ್ದ ಕೈ ಆ ಕಲ್ಲಿನ ಮೇಲಿದೆ. ಏಸುವನ್ನು ಹೂಳಲು ನೆರವಾದ ನಿಕೊದೇಮ ಅವನ ಮೊಣಕಾಲುಗಳನ್ನು ತಬ್ಬಿ ಬಗ್ಗಿದ್ದಾನೆ. ನಿಕೊದೇಮನ ಬರಿಗಾಲು ನೋಡಿದೆ. ಗದ್ದೆ ಕೆಲಸದವರ ಕಾಲು. ಚಪ್ಪಡಿಗೆ ಒತ್ತಿ ನಿಂತಿದೆ. ಇವನಿಗೆ ನಾಳೆ ಸೊಂಟ ಹಿಡಿದುಕೊಳ್ಳುತ್ತದೆ ಅನ್ನಿಸಿತು.

ಹೊರಗೆ ಬಂದು ಅಂಗಳದಲ್ಲಿ ಕೂತು ಚಿಕ್ಕಣ್ಣನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ರಾತ್ರಿ ಎಂಟು.

"ಚಿಕ್ಕಣ್ಣಾ, ಅಪ್ಪನ್ನ ಹೊತ್ಕೊಂಡು ಹೋದಾಗ ನಿಂಗೆ ಭಾರ ಗೊತ್ತಾಯ್ತಾ?"

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ.

"ಎಡಹೆಗಲು ಒಂದು ವಾರ ಎತ್ತಕ್ಕಾಗ್ಲಿಲ್ಲ ಕಣೋ," ಅಂದ. "ಯಾಕೋ, ಎಲ್ಲಿದೀಯ?"