ನಲವತ್ತೊಂದರ ಮಂಡಿ

2022ರ ಫೆಬ್ರವರಿ 7, ಸೋಮವಾರ. ಬೀಜಿಂಗ್ ಒಲಿಂಪಿಕ್ಸ್‌ನ ಪುರುಷರ ಡೌನ್‌ಹಿಲ್ ಸ್ಕೀಯಿಂಗ್. ಭಾನುವಾರವೇ ಮುಗಿಯಬೇಕಿತ್ತು, ಯಾನ್‌ಚಿಂಗ್ ಬೆಟ್ಟದ ಗಾಳಿ ಬಿಡಲಿಲ್ಲ. ನಾನು ಫೋನು ಹಿಡಿದು ಕೂತೆ; ಉಪ್ಪಿಟ್ಟು ಆರಿಹೋಯಿತು.

ಚಿನ್ನ ಸ್ವಿಟ್ಜರ್ಲೆಂಡಿನ ಬಿಯಾಟ್ ಫಾಯ್ಟ್ಸ್‌ಗೆ: 1 ನಿಮಿಷ 42.69 ಸೆಕೆಂಡು. ಸರಿ, ಗೆದ್ದ. ನನ್ನ ಕಣ್ಣೆಲ್ಲ ಬರೀ 0.10 ಸೆಕೆಂಡು ತಡವಾಗಿ ಬಂದ ಫ್ರಾನ್ಸಿನ ಯೊಹಾನ್ ಕ್ಲಾರೆ ಮೇಲೆ. ವಯಸ್ಸು 41! ಇಷ್ಟು ವಯಸ್ಸಾದವರು ಯಾರೂ ಅದುವರೆಗೆ ಆಲ್ಪೈನ್ ಸ್ಕೀಯಿಂಗ್‌ನಲ್ಲಿ (ಹಿಮದ ಇಳಿಜಾರಿನಲ್ಲಿ ಜಾರುವ ಸ್ಪರ್ಧೆಗಳು; ಡೌನ್‌ಹಿಲ್ ಅದರಲ್ಲೊಂದು) ಒಲಿಂಪಿಕ್ ಪದಕ ಗೆದ್ದಿರಲಿಲ್ಲ. ಕಾರಿನ ವೇಗದಲ್ಲಿ ಇಳಿಜಾರಿನಲ್ಲಿ ನುಗ್ಗುವಾಗ ಆ ಮಂಡಿಗಳು ಅದೆಷ್ಟು ಭಾರ ತಡೆದಿರಬೇಕು!

ನನಗೂ ಆಗ 41. ಮೂರನೇ ಮಹಡಿಯಿಂದ ಮೆಟ್ಟಿಲಿಳಿದರೆ ಕಟಕಟ ಸದ್ದು. ಅವತ್ತು ಮಾತ್ರ ಲಿಫ್ಟಿಗೆ ಕಾಯಲಿಲ್ಲ.