"ಈ ಅಂಕಿ ಎಲ್ಲಿಂದ ಬಂತಮ್ಮ?"

ನಾನು ಒಂದು ಕಾಮರ್ಸ್ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಬಿಕಾಂ ಹುಡುಗಿಯೊಬ್ಬಳು ವೈವಾ ಮುಗಿಸಿ ನನ್ನ ಮೇಜಿನ ಹತ್ತಿರ ಬಂದು ಅತ್ತುಬಿಟ್ಟಳು. ಹೊರಗಿನಿಂದ ಬಂದ ಪರೀಕ್ಷಕರು ಅವಳ ಕಂಪನಿ ಪ್ರಾಜೆಕ್ಟ್ ತೆರೆದು, "ಈ ಅಂಕಿ ಎಲ್ಲಿಂದ ಬಂತಮ್ಮ?" ಎಂದು ಕೇಳಿದ್ದರು. "ಮೂರು ವೆಬ್‌ಸೈಟಲ್ಲಿ ಇದೇ ಇದೆ ಸರ್" ಎಂದಿದ್ದಳು. ಕೂತು ನೋಡಿದೆವು. ಆದಾಯ ಇಡೀ ಸಮೂಹದ್ದು, ಲಾಭ ಮೂಲ ಕಂಪನಿ ಒಂದರದ್ದು. ಮೂರು ಸೈಟುಗಳೂ ಒಂದರಿಂದ ಒಂದು ಕಾಪಿ ಹೊಡೆದಿದ್ದವು. ಆ ಸೈಟುಗಳನ್ನು ಅವಳಿಗೆ ತೋರಿಸಿದ್ದು ನಾನೇ. ಆ ದಿನ ಮನೆಗೆ ಹೋದರೂ ಸಮಾಧಾನ ಇರಲಿಲ್ಲ.

ಈಗ ಯಾರೇ ಬಂದರೂ ಮೊದಲು ಕಂಪನಿಯ ಸಿಐಎನ್, ಅಂದರೆ ನೋಂದಣಿಯಾದಾಗ ಕೊಡುವ ಗುರುತಿನ ಸಂಖ್ಯೆ, ಹುಡುಕಿಸುತ್ತೇನೆ. 21 ಅಕ್ಷರ, ಅಂಕಿಗಳ ಈ ನಂಬರನ್ನು ಕಂಪನಿಗಳು ಲೆಟರ್‌ಹೆಡ್ ಮೇಲೆ ಹಾಕಲೇಬೇಕು. ಇನ್ಫೋಸಿಸ್‌ನದು 'ಎಲ್' ಎಂದು ಶುರುವಾಗುತ್ತದೆ. ಅಂದರೆ ಷೇರುಪೇಟೆಯಲ್ಲಿದೆ ಎಂದರ್ಥ. ನಡುವೆ 'ಕೆಎ' ಅಂದರೆ ಕರ್ನಾಟಕ. ಅದರ ಪಕ್ಕದ 1981 ಕಂಪನಿ ನೋಂದಣಿಯಾದ ವರ್ಷ. ಮೊದಲ ಅಕ್ಷರ 'ಎಲ್' ಇದ್ದರೆ ವಾರ್ಷಿಕ ವರದಿ ಷೇರು ವಿನಿಮಯ ಕೇಂದ್ರಗಳಾದ ಬಿಎಸ್‌ಇ ಅಥವಾ ಎನ್‌ಎಸ್‌ಇ ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. 'ಯು' ಇದ್ದರೆ, ಅಂದರೆ ಷೇರುಪೇಟೆಯಲ್ಲಿಲ್ಲದ ಕಂಪನಿಯಾದರೆ, ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲಿನಲ್ಲಿ ಶುಲ್ಕ ಕಟ್ಟಿ ನೋಡಬೇಕು.

ವರದಿ ಸಿಕ್ಕಿತು ಎಂದು ಮುಂದಿನ ಬಣ್ಣದ ಪುಟಗಳಿಂದ ಬರೆದುಕೊಳ್ಳಬೇಡಿ. ಅಲ್ಲಿ ಕಂಪನಿ ತನ್ನ ಬಗ್ಗೆ ತಾನೇ ಒಳ್ಳೆಯದು ಹೇಳಿಕೊಂಡಿರುತ್ತದೆ, ಸಹಜ ಅಲ್ವಾ? ಹಿಂದಿನಿಂದ ಓದಿ. ಆಡಿಟರ್ ವರದಿ, ಲೆಕ್ಕದ ಕೆಳಗಿನ ಟಿಪ್ಪಣಿಗಳು, ಕೋರ್ಟಿನಲ್ಲಿರುವ ತೆರಿಗೆ ತಕರಾರು, ನಿರ್ದೇಶಕರಿಗೆ ಸಂಬಂಧಪಟ್ಟವರ ಜೊತೆಗಿನ ವ್ಯವಹಾರ, ಎಲ್ಲ ಅಲ್ಲಿದೆ. ಪ್ರತಿ ಅಂಕಿಯ ಪಕ್ಕ 'ಸ್ಟ್ಯಾಂಡ್‌ಅಲೋನ್' ಅಥವಾ 'ಕನ್ಸಾಲಿಡೇಟೆಡ್' ಎಂದು ಬರೆದುಕೊಳ್ಳಿ. ಮೊದಲನೆಯದು ಆ ಒಂದು ಕಂಪನಿಯ ಲೆಕ್ಕ, ಎರಡನೆಯದು ಇಡೀ ಸಮೂಹದ್ದು. ಕೋಟಿಯೋ ಮಿಲಿಯನ್ನೋ ಅದನ್ನೂ ಬರೆಯಿರಿ. 10 ಮಿಲಿಯನ್ ಸೇರಿದರೆ 1 ಕೋಟಿ. ಇಲ್ಲಿ ಎಡವುವವರು ತುಂಬ ಜನ.

ಹೊಸದಾಗಿ ಷೇರುಪೇಟೆಗೆ ಬಂದ ಕಂಪನಿಯಾದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಗೆ ಷೇರು ಮಾರುವ ಮುನ್ನ ಕೊಟ್ಟ ಕರಡು ವಿವರಪತ್ರ, ಅಂದರೆ ಡಿಆರ್‌ಎಚ್‌ಪಿ ಹುಡುಕಿ. ತನಗಿರುವ ಅಪಾಯಗಳನ್ನು ಕಂಪನಿ ಅದರಲ್ಲಿ ಬರೆಯಲೇಬೇಕು. ಪತ್ರಿಕೆ ಸುದ್ದಿಯೂ ಬೇಕು. ಆದರೆ ಅದು ವರದಿಗಾರರು ವಿಚಾರಿಸಿ ಬರೆದಿದ್ದೋ, ಕಂಪನಿಯ ಪ್ರಕಟಣೆಯನ್ನೇ ಹಾಕಿದ್ದೋ ನೋಡಿ.

ನಮ್ಮಲ್ಲಿ ತುಂಬ ಮಕ್ಕಳು ನಂದಿನಿ ಆರಿಸಿಕೊಳ್ಳುತ್ತಾರೆ. ಈ ಸಲವೂ ಒಬ್ಬ ಹುಡುಗ ನಂದಿನಿ ಹಾಲು ಮಾರುವ ಕೆಎಂಎಫ್‌ನ ಸಿಐಎನ್ ಸಿಗುತ್ತಿಲ್ಲ ಎಂದು ಎರಡು ದಿನ ಒದ್ದಾಡಿ ಬಂದ. ಸಿಗುವುದಿಲ್ಲ, ಅದು ಕಂಪನಿಯೇ ಅಲ್ಲ, ಸಹಕಾರಿ ಮಹಾಮಂಡಳ. ಕೆಳಗೆ ಜಿಲ್ಲಾ ಒಕ್ಕೂಟ, ಅದರ ಕೆಳಗೆ ಹಳ್ಳಿಯ ಸಂಘ. "ಮನೆಯಲ್ಲಿ ಯಾರಾದರೂ ಡೈರಿಗೆ ಹಾಲು ಹಾಕ್ತಾರಾ?" ಎಂದು ಕೇಳಿದೆ. ಅಜ್ಜಿ ಸದಸ್ಯೆಯಂತೆ. ಸೋಮವಾರ ಅವನು ಊರಿನ ಸಂಘದ ಕಾರ್ಯದರ್ಶಿ ಹತ್ತಿರ ಕೇಳಿ, ಒಕ್ಕೂಟದ ವಾರ್ಷಿಕ ವರದಿ ತಂದಿದ್ದ. ಕನ್ನಡದಲ್ಲೇ ಅಚ್ಚಾಗಿತ್ತು. ಆಡಿಟ್ ಆದ ಜಮಾ-ಖರ್ಚಿನ ಪುಟ ತೆರೆದು ಪಕ್ಕದಲ್ಲಿ ಕೂತೆವು. ಮಧ್ಯಾಹ್ನದ ಬೆಲ್ ಹೊಡೆದರೂ ಅವನು ಎದ್ದಿರಲಿಲ್ಲ.