ಇದ್ರಲ್ಲಿ ನಮ್ಮೋರು ಯಾರು?

2024ರ ದಸರಾ ರಜಕ್ಕೆ ಊರಿಗೆ ಬಂದ ಅಕ್ಕನ ಮಗ ಹೆಗಲಿಂದ ಬ್ಯಾಗ್ ಇಳಿಸೋಕೂ ಮುಂಚೆ ಕೇಳಿದ್ದು, "ಮಾಮ, ನಿಂದು ಯಾವ್ ಟೀಮ್?" ಅಂತ. ನಾನು ಕ್ರಿಕೆಟ್ ಅಂದ್ಕೊಂಡು, ಇದನ್ನೂ ಕೇಳ್ಬೇಕನಾ ಅನ್ನೋ ಮುಖ ಮಾಡಿ "ಆರ್‌ಸಿಬಿ" ಅಂದೆ. "ಅದಲ್ಲ ಮಾಮ, ಫುಟ್‌ಬಾಲು." ಅವನು ಶಿವಮೊಗ್ಗದಲ್ಲಿ ಪಿಯುಸಿ ಓದ್ತಾ ಇದಾನೆ, ಗಾಂಧಿ ಬಜಾರಲ್ಲಿ ತಗೊಂಡ ಮ್ಯಾಂಚೆಸ್ಟರ್ ಸಿಟಿ ಜರ್ಸಿ ಮೈಮೇಲಿತ್ತು, ಆ ಟೀಮ್ ಆಗಷ್ಟೇ ಸತತ ನಾಕನೇ ಸಲ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಿತ್ತು, ಹಾಗಾಗಿ ಹುಡುಗನ ನಡಿಗೆಲೂ ಒಂಚೂರು ಗತ್ತು ಬಂದಿತ್ತು. ನಾನು "ನಂಗೆ ಎಲ್ಲಾ ಟೀಮೂ ಒಂದೇ ಮಾರಾಯ, ಚೆನ್ನಾಗ್ ಆಡಿದೋರು ಗೆಲ್ಲಲಿ" ಅಂದೆ. ಮದುವೆ ಪಂಕ್ತಿಲಿ ಕೂತು ಹೋಳಿಗೆ ಬಂದಾಗ ಬೇಡ ಅಂತ ಎಲೆಗೆ ಕೈ ಅಡ್ಡ ಇಟ್ಟು ಬರೀ ಮಜ್ಜಿಗೆ ಅನ್ನ ಕೇಳೋರನ್ನ ನೋಡೋ ಹಾಗೆ ನೋಡ್ದ ನನ್ನ.

ಅವನ್ದೂ ಸರಿನೇ. ವರ್ಲ್ಡ್ ಕಪ್ ಬಂದಾಗೆಲ್ಲ ರಾತ್ರಿ ನಿದ್ದೆಗೆಟ್ಟು ನೋಡೋ ನಂಗೆ, ಮೂವತ್ತಾರು ವಯಸ್ಸಾದ್ರೂ ಒಂದು ಟೀಮ್ ಅಂತ ಇರ್ಲಿಲ್ಲ.

ಇರೋಕೆ ಕಾರಣನೂ ಇರ್ಲಿಲ್ಲ ಅನ್ನಿ. ಮಲೆನಾಡಲ್ಲಿ ಫುಟ್‌ಬಾಲ್ ಆಡೋಕೆ ಮೊದಲನೇ ತೊಂದ್ರೆ ಅಂದ್ರೆ ಸಪಾಟು ಜಾಗನೇ ಇಲ್ಲ. ನಮ್ ಶಾಲೆಲಿ ಇದ್ದಿದ್ದು ಒಂದೇ ಫುಟ್‌ಬಾಲು, ಅದನ್ನ ಜೋರಾಗಿ ಒದ್ದರೆ ಮೈದಾನದಿಂದ ಧರೆ ಇಳಿದು ತೋಟದ ಬಸಿಗಾಲುವೆಗೆ ಬೀಳ್ತಿತ್ತು, ಅದನ್ನ ತರೋಕೆ ಹೋದ ಹುಡುಗ ಎರಡು ಕಾಲಿಗೂ ಇಂಬಳ ಹತ್ತಿಸ್ಕೊಂಡು ಬರೋ ಅಷ್ಟರಲ್ಲಿ ಪೀರಿಯಡ್ ಮುಗಿದಿರ್ತಿತ್ತು. ಅದಕ್ಕೇ ನಮ್ ಕಡೆ ಎಲ್ಲಾ ವಾಲಿಬಾಲು, ಕಬಡ್ಡಿ, ಮತ್ತೆ ಕ್ರಿಕೆಟ್ಟು. ನಮ್ಮ ಅಪ್ಪಯ್ಯಂಗೆ ಕ್ರಿಕೆಟ್ ಹಿಡಿದಿದ್ದು ಹೇಗೆ ಅಂದ್ರೆ, ಭದ್ರಾವತಿ ಹುಡುಗ ಗುಂಡಪ್ಪ ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಮೊದಲನೇ ಟೆಸ್ಟಲ್ಲೇ ಸೊನ್ನೆ ಹೊಡೆದು, ಎರಡನೇ ಇನ್ನಿಂಗ್ಸಲ್ಲಿ 137 ಬಾರಿಸಿದ್ರಲ್ಲ, ಅದು ರೇಡಿಯೋಲಿ ಬಂತಂತೆ. ಅಪ್ಪಯ್ಯ ಈಗ್ಲೂ ಅದನ್ನ ಹೇಳುವಾಗ "ನಮ್ಮ ವಿಶಿ" ಅಂತಾರೆ, ಜೀವನದಲ್ಲಿ ಒಂದ್ಸಲನೂ ಅವರನ್ನ ಎದುರಾಎದುರು ನೋಡಿಲ್ಲ.

ಈ "ನಮ್ಮ" ಅನ್ನೋದು ನಂಗೆ ಸರಿಯಾಗಿ ಹೊಳೆದಿದ್ದು 2022ರ ಡಿಸೆಂಬರ್ 18ಕ್ಕೆ. ವರ್ಲ್ಡ್ ಕಪ್ ಫೈನಲ್ಲು, ಅರ್ಜೆಂಟೀನಾ ಫ್ರಾನ್ಸು, ನಮ್ಮ ಟೈಮಲ್ಲಿ ರಾತ್ರಿ ಎಂಟೂವರೆಗೆ. ನಮ್ಮನೇಲಿ ಆವತ್ತು ಕೊನೆ ಕೊಯ್ಲಾಗಿ ಅಂಗಳದ ತುಂಬ ಹಸಿ ಅಡಿಕೆ ರಾಶಿ, ಸುಲಿಯೋಕೆ ಹನ್ನೆರಡು ಹದಿಮೂರು ಜನ ಹೆಂಗಸರು, ಒಬ್ಬೊಬ್ಬರ ಮುಂದೂ ಮೆಟ್ಟುಗತ್ತಿ. ನಾನು ಮ್ಯಾಚ್ ಬಿಡೋ ಹಾಗಿಲ್ಲ, ಸುಲಿಯೋ ಜಾಗ ಬಿಟ್ಟು ಒಳಗೆ ಕೂತರೆ ಅಪ್ಪಯ್ಯ ಬಿಡಲ್ಲ, ಹಂಗಾಗಿ ಟಿವಿನೇ ಎತ್ಕೊಂಡು ಬಂದು ಜಗಲಿ ಮೇಲಿಟ್ಟೆ. ಹೆಂಗಸರಿಗೆ ಸೀರಿಯಲ್ ತಪ್ಪಿತು ಅಂತ ಸಿಟ್ಟು. ಐದು ನಿಮಿಷ ನೋಡಿದ ದೊಡ್ಡಕ್ಕ (ಹೆಸರು ಬೇರೆ, ಊರಲ್ಲಿ ಎಲ್ರೂ ಕರೆಯೋದು ದೊಡ್ಡಕ್ಕ ಅಂತ, ನನ್ನ ಸಣ್ಣೋನಿದ್ದಾಗ ಎತ್ತಿ ಆಡ್ಸಿದೋಳು) ಕೈ ನಿಲ್ಲಿಸದೆ ಕೇಳಿದ್ಲು, "ಸಣ್ಣಯ್ಯಾ, ಇದ್ರಲ್ಲಿ ನಮ್ಮೋರು ಯಾರು?"

ನಮ್ಮೋರು ಯಾರೂ ಇಲ್ಲ ದೊಡ್ಡಕ್ಕ, ಎರಡೂ ಹೊರದೇಶದವು ಅಂದೆ. "ಹಂಗಾರೆ ನೋಡೋದು ಎಂತಕ್ಕೆ?" ಅಂದ್ಲು. ಉತ್ತರ ಇರ್ಲಿಲ್ಲ ನನ್ ಹತ್ರ. ಅವಳೇ ಸ್ವಲ್ಪ ಹೊತ್ತು ನೋಡಿ "ಆ ಪಟ್ಟೆಪಟ್ಟೆ ಅಂಗಿಯೋರು ನಮ್ಮೋರು ಅಂತ ಇಟ್ಕಳಣ, ಆ ಗಿಡ್ಡ ಚಲೋ ಓಡ್ತಾನೆ" ಅಂತ ತೀರ್ಮಾನ ಮಾಡಿಬಿಟ್ಲು. ಗಿಡ್ಡ ಅಂದ್ರೆ ಮೆಸ್ಸಿ. ಅಲ್ಲಿಂದ ಅಂಗಳ ಪೂರ್ತಿ ಅರ್ಜೆಂಟೀನಾ. 36ನೇ ನಿಮಿಷಕ್ಕೆ ಎರಡು ಗೋಲು ಆಗಿ ಎಲ್ರೂ ಆರಾಮಾಗಿ ಸುಲೀತಾ, ಮಧ್ಯ ಯಾರದೋ ಮನೆ ಸೊಸೆ ವಿಷಯನೂ ಮಾತಾಡ್ತಾ ಇದ್ರು, 80ನೇ ನಿಮಿಷಕ್ಕೆ ಫ್ರಾನ್ಸಿನ ಎಂಬಾಪೆ ಒಂದು ಹೊಡೆದ, 81ಕ್ಕೆ ಇನ್ನೊಂದು, ಅಷ್ಟೇ, ಹದಿಮೂರು ಮೆಟ್ಟುಗತ್ತಿನೂ ಒಟ್ಟಿಗೆ ನಿಂತವು. ಆ ನಿಶ್ಶಬ್ದ ಇನ್ನೂ ನೆನಪಿದೆ ನಂಗೆ, ಸುಲಿಯೋ ಮನೇಲಿ ಕಟಕಟ ಸದ್ದು ನಿಲ್ಲೋದು ಅಂದ್ರೆ ಊಟಕ್ಕೆ ಎದ್ದಾಗ ಮಾತ್ರ. ಎಕ್ಸ್‌ಟ್ರಾ ಟೈಮು, 3-3, ಕೊನೇ ಗಳಿಗೆಲಿ ಅರ್ಜೆಂಟೀನಾ ಗೋಲ್‌ಕೀಪರ್ ಮಾರ್ಟಿನೆಜ್ ಕಾಲು ಚಾಚಿ ತಡೆದಿದ್ದು, ಆಮೇಲೆ ಪೆನಾಲ್ಟಿ. ಡಬ್ಬದ ಲೆಕ್ಕಕ್ಕೆ ಸುಲಿಯೋ ಹೆಂಗಸರು ತಮ್ಮ ದುಡಿಮೆ ಬಿಟ್ಟು ಕೈ ಮಡಚ್ಕೊಂಡು ಕೂತು ನೋಡಿದ್ರು. ಗೆದ್ದಾಗ ದೊಡ್ಡಕ್ಕ ಸೆರಗಲ್ಲಿ ಕಣ್ಣೊರೆಸ್ಕೊಂಡ್ಲು, ಅಡಿಕೆ ಚೊಗರು ತಾಗಿ ಉರಿ ಬಂತು ಅಂತ ಆಮೇಲೆ ಹೇಳಿದ್ಲು, ಇರ್ಬಹುದು.

ನಂಗೆ ಹೊಟ್ಟೆಕಿಚ್ಚಾಯ್ತು ನಿಜ ಹೇಳ್ಬೇಕಂದ್ರೆ. ಇಷ್ಟು ವರ್ಷದಿಂದ ನೋಡ್ತಿರೋನು ನಾನು, ಎರಡು ಗಂಟೆಲಿ ಟೀಮ್ ಹುಡುಕಿ ಅತ್ತು ಎದ್ದೋಳು ಅವಳು.

ಹಂಗಾಗಿ ಅಳಿಯ ಕೇಳಿದ ಮೇಲೆ, ಹೆಣ್ಣು ನೋಡೋಕೆ ಹೊರಟೋರ ಥರ ಶಿಸ್ತಾಗಿ ಹುಡುಕೋಕೆ ಶುರು ಮಾಡಿದೆ. ಸಿಟಿ ಬೇಡ, ಗೆಲ್ಲೋರ ಹಿಂದೆ ಈ ವಯಸ್ಸಲ್ಲಿ ಹೋದ್ರೆ ಜನ ನಗ್ತಾರೆ. ಮ್ಯಾಂಚೆಸ್ಟರ್ ಯುನೈಟೆಡ್ಡಿಗೆ ಹೋಗಣ ಅಂದ್ರೆ ಕಾಲೇಜ್ ಟೈಮಿಂದ ಅದನ್ನೇ ಹಿಡ್ಕೊಂಡಿರೋ ಗೆಳೆಯ ಒಬ್ಬ ಇದಾನೆ, 2013ರಲ್ಲಿ ಅವರ ಕೋಚ್ ಫರ್ಗ್ಯುಸನ್ ರಿಟೈರ್ ಆದ್ಮೇಲೆ ಅವನ ಭಾನುವಾರಗಳನ್ನ ನೋಡಿದೀನಿ, ಬೇಡ. ಆರ್ಸೆನಲ್ ಬಗ್ಗೆ ಓದಿದೆ, 2022-23ರಲ್ಲಿ 248 ದಿನ ಟೇಬಲ್ಲಿನ ತುದಿಲಿದ್ದು ಕೊನೆಗೆ ಎರಡನೇ ಸ್ಥಾನ. ಆರ್‌ಸಿಬಿ ನೋಡ್ಕೊಂಡು ಬೆಳೆದೋನಿಗೆ ಇದೇ ಇನ್ನೊಂದು ಯಾಕೆ ಹೇಳಿ.

ಒಂದೇ ಒಂದು ಟೀಮ್ ಮಾತ್ರ ಜಾತಕ ಕೂಡಿ ಬಂದ ಹಾಗೆ ಅನ್ನಿಸ್ತು, ವೆಸ್ಟ್ ಹ್ಯಾಮ್. ಯಾಕೆ ಅಂದ್ರೆ ಅಮ್ಮನ ಅಪ್ಪ, ಅಂದ್ರೆ ನಮ್ಮಜ್ಜ, ಭದ್ರಾವತಿ ಕಬ್ಬಿಣದ ಕಾರ್ಖಾನೆಲಿ ಕೆಲಸಕ್ಕಿದ್ದೋರು. ವೆಸ್ಟ್ ಹ್ಯಾಮ್ ಹುಟ್ಟಿದ್ದೇ 1895ರಲ್ಲಿ ಲಂಡನ್ನಿನ ಥೇಮ್ಸ್ ಐರನ್‌ವರ್ಕ್ಸ್ ಅನ್ನೋ ಹಡಗು ಕಟ್ಟೋ ಕಾರ್ಖಾನೆಯ ಕೆಲಸಗಾರರ ಟೀಮಾಗಿ. ಈಗ್ಲೂ ಅವರ ಲಾಂಛನದಲ್ಲಿ ಎರಡು ಸುತ್ತಿಗೆ ಇವೆ. ಮಜಾ ಅಂದ್ರೆ ಆ ಕಾರ್ಖಾನೆ 1912ರಲ್ಲೇ ಮುಚ್ಚಿಹೋಯ್ತು, ಟೀಮ್ ಮಾತ್ರ ಉಳ್ಕೊಂಡಿದೆ, ಅಲ್ಲಿ ಕೆಲಸ ಮಾಡಿದೋರ ಮರಿಮಕ್ಕಳ ಮಕ್ಕಳು ಇನ್ನೂ "ಐರನ್ಸ್" ಅಂತ ಕೂಗ್ತಾರೆ. ವಿಶ್ವೇಶ್ವರಯ್ಯನೋರ ಕಾಲದ ನಮ್ಮ ಕಾರ್ಖಾನೆ, ಆ ಕ್ವಾರ್ಟರ್ಸ್ ಸಾಲು, ಅಜ್ಜನ ಸೈಕಲ್ಲು, ಸೈರನ್ ಆದ ತಕ್ಷಣ ಅಜ್ಜಿ ಕಾಫಿ ಇಡ್ತಿದ್ದಿದ್ದು ಎಲ್ಲಾ ನೆನಪಾಗಿ, ಇದೇ ನಮ್ಮ ಟೀಮು ಅಂತ ಒಂದು ರಾತ್ರಿ ಅಂದ್ಕೊಂಡೇ ಮಲಗಿದ್ದು. ನಾಕು ಮ್ಯಾಚ್ ನೋಡಿದೆ. ಸೋತ್ರು, ನಂಗೆ ಸೊಗಸಾಗಿ ನಿದ್ದೆ ಬಂತು. ಅಲ್ಲಿಗೆ ಗೊತ್ತಾಯ್ತು ಸಂಬಂಧ ಕುದುರಲಿಲ್ಲ ಅಂತ. ಜಾತಕ ಕೂಡಿದ್ದೆಲ್ಲ ಮದುವೆ ಆಗಲ್ಲ.

ಉಳಿದಿದ್ದು ಬೆಂಗಳೂರು ಎಫ್‌ಸಿ, ಅದರ ಮೇಲೆ ನಂಗೆ ಒಂದು ಸಣ್ಣ ಸಿಟ್ಟಿತ್ತು. ಟೀಮ್ ಮೇಲಲ್ಲ, ಬೆಂಗಳೂರಿನ ಮೇಲೆ. ನಮ್ ಊರಲ್ಲಿ ಇಪ್ಪತ್ತೆರಡು ಮನೆ, ಅದ್ರಲ್ಲಿ ಹದಿನೈದು ಮನೇಲಿ ಬರೀ ಅಪ್ಪ ಅಮ್ಮ ಒಂದು ನಾಯಿ, ಮಕ್ಕಳೆಲ್ಲ ಬೆಂಗಳೂರು, ಹಬ್ಬಕ್ಕೆ ರಾತ್ರಿ ಬಸ್ಸಲ್ಲಿ ಬಂದು ಮಾರನೇ ರಾತ್ರಿ ಬಸ್ಸಿಗೆ ವಾಪಸ್. ಊರಿನ ಹುಡುಗರನ್ನೆಲ್ಲ ನುಂಗಿ ನೀರು ಕುಡಿದ ಊರಿಗೆ ನಾನ್ಯಾಕೆ ಚಪ್ಪಾಳೆ ಹೊಡೀಲಿ ಅಂತ. ಆದ್ರೆ ನಾನೂ ಅಲ್ಲೇ ಆರು ವರ್ಷ ಇದ್ದೋನೇ, 2020ರಲ್ಲಿ ಲ್ಯಾಪ್‌ಟಾಪ್ ಹಿಡ್ಕೊಂಡು ವಾಪಸ್ ಬಂದಿದ್ದು. ದಿನಾ ಸಂಜೆ ಆಫೀಸಿಂದ ಬರುವಾಗ ಬಸ್ಸು ಹಡ್ಸನ್ ಸರ್ಕಲ್ ಸಿಗ್ನಲ್ಲಲ್ಲಿ ನಿಲ್ತಿತ್ತು, ಮ್ಯಾಚ್ ಇದ್ದ ದಿನ ನೀಲಿ ಜರ್ಸಿ ಹುಡುಗರು ಗುಂಪುಗುಂಪಾಗಿ ಕಂಠೀರವದ ಕಡೆ ನಡ್ಕೊಂಡು ಹೋಗ್ತಿದ್ರು, ನಾನು ಬಸ್ಸಲ್ಲಿ ಕೂತು ಇವರಿಂದಾನೇ ಟ್ರಾಫಿಕ್ಕು ಅಂತ ಬೈಕೊಂಡಿದೀನಿ. ಅಷ್ಟು ಹತ್ರ ಇದ್ದು ಆರು ವರ್ಷದಲ್ಲಿ ಒಂದು ಮ್ಯಾಚೂ ನೋಡಿಲ್ಲ. 2013ರಲ್ಲಿ ಶುರುವಾದ ಕ್ಲಬ್ಬು, ಮೊದಲನೇ ಸೀಸನ್ನಲ್ಲೇ ದೇಶದ ಐ-ಲೀಗ್ ಗೆದ್ದಿತ್ತು, 2016ರಲ್ಲಿ ದೋಹಾದಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ಆಡಿತ್ತು, ಇದ್ಯಾವುದೂ ನಂಗೆ ಗೊತ್ತೇ ಇರ್ಲಿಲ್ಲ. 2019ರ ಮಾರ್ಚ್ 17, ಭಾನುವಾರ, ಮುಂಬೈಲಿ ರಾಹುಲ್ ಭೇಕೆ 117ನೇ ನಿಮಿಷದಲ್ಲಿ ತಲೆ ಕೊಟ್ಟು ಗೋವಾ ಮೇಲೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ಗೆಲ್ಲಿಸಿದಾಗ ನಾನು ವಿಜಯನಗರದ ಪಿಜಿಲಿ ವಾರದ ಬಟ್ಟೆ ಒಗೀತಾ ಇದ್ದಿರ್ಬೇಕು.

ಇಲ್ಲಿಗೆ ಬಂದ್ಮೇಲೆ ನಂಗೆ ಇದನ್ನೆಲ್ಲ ಹೇಳಿಕೊಟ್ಟಿದ್ದು ಒಬ್ಬ ಮಲಯಾಳಿ. ನಮ್ ಪಕ್ಕದ ಗದ್ದೆ ಲೀಸಿಗೆ ತಗೊಂಡು ಶುಂಠಿ ಹಾಕಿರೋ ಚೇಟ. ಐಎಸ್‌ಎಲ್‌ನ ಕೇರಳ ಬ್ಲಾಸ್ಟರ್ಸ್ ಟೀಮ್ ಅಂದ್ರೆ ಪ್ರಾಣ, ಶುಂಠಿ ರೇಟ್ ಬಿದ್ದಾಗ್ಲೂ ಅಷ್ಟು ಬೇಜಾರು ಮಾಡ್ಕೊಳಲ್ಲ ಆಸಾಮಿ. 2023ರ ಮಾರ್ಚ್ 3ಕ್ಕೆ ಕಂಠೀರವದಲ್ಲಿ ಪ್ಲೇಆಫ್, ಬ್ಲಾಸ್ಟರ್ಸ್ ಆಟಗಾರರು ಬಾಲಿಗೆ ಅಡ್ಡ ಸಾಲಾಗಿ ಇನ್ನೂ ಗೋಡೆ ಕಟ್ತಾ ಇರೋವಾಗಲೇ ಬೆಂಗಳೂರಿನ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದು ಗೋಲ್ ಮಾಡಿದ್ದು, ರೆಫ್ರಿ ಗೋಲ್ ಅಂದಿದ್ದು, ಕೇರಳ ಕೋಚು ಆಟಗಾರರನ್ನೆಲ್ಲ ಕರ್ಕೊಂಡು ಮೈದಾನ ಬಿಟ್ಟು ಹೋಗಿದ್ದು, ಆಮೇಲೆ ಕ್ಲಬ್ಬಿಗೆ 4 ಕೋಟಿ ದಂಡ ಬಿದ್ದಿದ್ದು, ಇದನ್ನ ಅವನು ನಂಗೆ ಎಷ್ಟು ಸಲ ಹೇಳಿದಾನೆ ಅಂದ್ರೆ ಬಾಯಿಪಾಠ ಆಗಿದೆ. ಪ್ರತಿಸಲನೂ ಕೊನೆಗೆ "ನಿಮ್ಮ ಛೆಟ್ರಿ ಕಳ್ಳ" ಅಂತ ಮುಗಿಸ್ತಾನೆ. ಮೊದಮೊದಲು ನಾನು ಸುಮ್ನೆ ತಲೆ ಆಡಿಸ್ತಿದ್ದೆ. ಒಂದಿನ ಯಾಕೋ ಗೊತ್ತಿಲ್ಲ, "ಕಳ್ಳ ಎಂತಕ್ಕೆ, ರೂಲ್ಸ್ ಪ್ರಕಾರನೇ ಹೊಡೆದಿದ್ದಲ್ವಾ, ನಿಮ್ಮೋರು ನಿದ್ದೆ ಮಾಡ್ತಿದ್ರೆ ನಾವೇನ್ ಮಾಡೋದು" ಅಂದುಬಿಟ್ಟೆ. ಚೇಟ ಸ್ಪ್ರೇ ಪಂಪ್ ಕೆಳಗಿಟ್ಟು ನನ್ನ ಮುಖನೇ ನೋಡ್ದ.

(ಆ ಪ್ಲೇಆಫಿನ ಮಾರನೇ ದಿನ, ಮಾರ್ಚ್ 4ಕ್ಕೆ, ಸೌದಿಯ ರಿಯಾದಲ್ಲಿ ಕರ್ನಾಟಕ ಟೀಮು ಮೇಘಾಲಯನ 3-2ರಲ್ಲಿ ಸೋಲಿಸಿ 54 ವರ್ಷ ಆದ್ಮೇಲೆ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತ್ತು. ಅದರ ಬಗ್ಗೆ ಜಗಳ ಆಡೋಕೂ ನಮ್ ಊರಲ್ಲಿ ಒಬ್ಬ ಸಿಗ್ಲಿಲ್ಲ, ಅದೊಂದು ಬೇಜಾರು ಬೇರೆನೇ.)

2024-25ರ ಸೀಸನ್ ಪೂರ್ತಿ ಫೋನಲ್ಲಿ ನೋಡಿದೆ. ನೆಟ್‌ವರ್ಕ್ ಸಿಗೋದು ಹಟ್ಟಿ ಹಿಂದಿನ ಗೊಬ್ಬರಗುಂಡಿ ಪಕ್ಕ ಒಂದು ಕಲ್ಲಿನ ಮೇಲೆ, ಅಲ್ಲೇ. ಛೆಟ್ರಿಗೆ ನಲವತ್ತು ವಯಸ್ಸು, ನನಗಿಂತ ದೊಡ್ಡೋನು, ಆ ಸೀಸನ್ ಲೀಗಲ್ಲಿ 14 ಗೋಲು ಹೊಡೆದ. ನಂಗೆ ಮೋಟ್ರು ಮನೆಯಿಂದ ಮೇಲೆ ಹತ್ತಿ ಬರೋಕೆ ಎರಡು ಕಡೆ ನಿಲ್ಬೇಕು. ಗೋವಾ ಜೊತೆ ಸೆಮಿಫೈನಲ್ಲಲ್ಲಿ ಇನ್ನೇನು ಎಕ್ಸ್‌ಟ್ರಾ ಟೈಮ್ ಅನ್ನೋವಾಗ ಇಂಜುರಿ ಟೈಮಲ್ಲಿ ಹೆಡ್ ಮಾಡಿ ಗೆಲ್ಲಿಸಿದ, ನಾನು ಕೂಗಿದ ಕೂಗಿಗೆ ಹಟ್ಟಿಲಿ ದನ ಎದ್ದು ನಿಂತ್ಕೊಂಡ್ವು.

ಏಪ್ರಿಲ್ 12, ಶನಿವಾರ, ಫೈನಲ್ಲು, ಕೋಲ್ಕತ್ತಾದಲ್ಲಿ ಮೋಹನ್ ಬಗಾನ್ ಜೊತೆ. ಮಧ್ಯಾಹ್ನದಿಂದ ಸೆಖೆ, ಸಂಜೆ ಗುಡುಗು ಶುರು. ಮೊದಲರ್ಧ ಸೊನ್ನೆ ಸೊನ್ನೆ. 49ನೇ ನಿಮಿಷಕ್ಕೆ ಅವರ ಡಿಫೆಂಡರ್ರೇ ಅವರ ಗೋಲಿಗೆ ಬಾಲ್ ಹಾಕ್ಕೊಂಡ, ನಾವು 1-0, ನಾನು ಕುರ್ಚಿಯಿಂದ ಎದ್ದು ನಿಂತಿದ್ದೊಂದು ನೆನಪು, ಪಟಾರ್ ಅಂತ ಸಿಡಿಲು, ಕರೆಂಟ್ ಹೋಯ್ತು. ಯುಪಿಎಸ್ಸು ಹತ್ತು ನಿಮಿಷಕ್ಕೆ ಕೂಗಿ ಕೂಗಿ ಸತ್ತಿತು, ಟವರಿಗೂ ಕರೆಂಟಿಲ್ಲ, ಫೋನಲ್ಲಿ ಒಂದು ಕಡ್ಡಿನೂ ಇಲ್ಲ. ಆ ಮಳೇಲಿ ಟಾರ್ಚ್ ಹಿಡ್ಕೊಂಡು ಕಲ್ಲಿನ ತನಕ ಹೋಗಿ ನಿಂತು ಬಂದೆ, ಉಪಯೋಗ ಇಲ್ಲ. ಕೊನೆಗೆ 1-0 ಇದೆಯಲ್ಲ, ಗೆದ್ದಿರ್ತಾರೆ ಬಿಡು ಅಂತ ಸಮಾಧಾನ ಮಾಡ್ಕೊಂಡು ಮಲಗಿದೆ, ನಾಳೆ ಚೇಟಂಗೆ ಏನೇನು ಹೇಳ್ಬೇಕು ಅಂತ ಪಟ್ಟಿ ಮಾಡ್ತಾನೇ ನಿದ್ದೆ ಬಂತು.

ಬೆಳಿಗ್ಗೆ ಎಂಟಕ್ಕೆ ಮುಂಚೆ ಯಾವತ್ತೂ ಗದ್ದೆಗೆ ಬರದ ಚೇಟ ಆರೂವರೆಗೇ ನಮ್ಮ ಅಂಗಳದಲ್ಲಿ. ಮುಖದ ತುಂಬ ನಗು. ಅವನ ಬಿಡಾರದ ಹತ್ರ ಬೇರೆ ಲೈನು, ಕರೆಂಟ್ ಇತ್ತಂತೆ. "72ಕ್ಕೆ ಪೆನಾಲ್ಟಿ. ಎಕ್ಸ್‌ಟ್ರಾ ಟೈಮಲ್ಲಿ ಮೆಕ್ಲಾರೆನ್. 2-1" ಅಂದ. ನಾನು ಏನೂ ಮಾತಾಡ್ಲಿಲ್ಲ. ಹೊಟ್ಟೇಲಿ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಆಯ್ತು, ಸುಳ್ಳಲ್ಲ. ನನ್ನ ಮುಖ ನೋಡಿ ಚೇಟನ ನಗು ಮೆಲ್ಲಗೆ ಇಳೀತು, ಜಗಲಿ ಮೇಲೆ ಬಂದು ಕೂತ್ಕೊಂಡ, ಕಾಫಿ ಆಯ್ತಾ ಅಂತ ಅವನೇ ಕೇಳಿದ. ಕಾಫಿ ಕುಡೀತಾ, ಬ್ಲಾಸ್ಟರ್ಸ್ ಸೋತ ಮೂರು ಫೈನಲ್ ಕಥೆ ಶುರು ಮಾಡಿದ, 2014, 2016, 2022, ಅದ್ರಲ್ಲಿ ಎರಡು ಪೆನಾಲ್ಟಿಲಿ, ಒಂದೊಂದು ಕಿಕ್ಕೂ ನೆನಪಿದೆ ಅವನಿಗೆ.

ಒಳಗಿಂದ ಅಪ್ಪಯ್ಯ ಕೇಳಿದ್ರು, "ಎಂತದಾ ಅದು, ಯಾರು ಸೋತಿದ್ದು?"

"ನಾವು" ಅಂದೆ.

"ನಾವು ಯಾವಾಗ ಆಡೋಕೆ ಹೋಗಿದ್ವಾ?" ಅಂತ ಅಪ್ಪಯ್ಯ ಹೊರಗೆ ಬಂದು ಇಬ್ರನ್ನೂ ಒಂದ್ಸಲ ನೋಡಿದ್ರು, ಚೇಟ ಕಾಫಿ ಲೋಟದಲ್ಲೇ ನಕ್ಕು ಕೆಮ್ಮಿದ. "ಕರೆಂಟ್ ಬಂದಿದೆ, ಮತ್ತೆ ಹೋಗೋದ್ರೊಳಗೆ ಮೋಟ್ರು ಹಾಕಿ ಬಾ."